ಜೀಪಿನ ಉಸಿರು

ಸಂಸೆಯಲ್ಲಿ ಮಳೆ ಹಿಡಿಯಿತೆಂದರೆ ಮನೆಯ ಯಜಮಾನರಿಗಿಂತ ಜೀಪಿಗೇ ಮರ್ಯಾದೆ ಹೆಚ್ಚು. ಹೆರಿಗೆ ನೋವು ಬಂದವರನ್ನು ಕಳಸಕ್ಕೆ ಒಯ್ಯಬೇಕೆ, ಎಳನೀರಿನ ದಾರಿಯಲ್ಲಿ ನೆಂಟರನ್ನು ಬಿಟ್ಟು ಬರಬೇಕೆ, ಅದೇ ಬೇಕು. ನಮ್ಮವರು ತೀರಿಕೊಂಡ ಮೇಲೂ ಅವರ ಹಳೆಯ ಪೆಟ್ರೋಲ್ ಜೀಪನ್ನು ನಾನು ಮಾರಲಿಲ್ಲ.

ಕಳೆದ ಮಳೆಗಾಲದಲ್ಲಿ ಅದು ಎಲ್ಲೆಂದರಲ್ಲಿ ಎಣ್ಣೆ ಸೋರತೊಡಗಿತು. ಸೀಲು ಹಾಕಿಸಿದರೆ ವಾರದಲ್ಲಿ ಮತ್ತೆ ಅದೇ ಕಥೆ. "ಎಂಜಿನ್ ಪೂರ್ತಿ ಬಿಚ್ಚಬೇಕು ಟೀಚರೇ, ಇಲ್ಲವೇ ಗುಜರಿಗೆ ಕೊಡಿ" ಎಂದರು ಗ್ಯಾರೇಜಿನವರು. ಮಗನೂ ಫೋನಿನಲ್ಲಿ ಅದನ್ನೇ ಹೇಳಿದ. ಮನಸ್ಸು ಒಪ್ಪಲಿಲ್ಲ.

ನೆರೆಮನೆಯ ಮುದುಕ ಡ್ರೈವರ್ ಬಂದು ಬಾನೆಟ್ ಎತ್ತಿ, ಹೆಬ್ಬೆರಳಿನಷ್ಟು ದೊಡ್ಡ ವಾಲ್ವ್ ಒಂದನ್ನು ಕಳಚಿ ತೋರಿಸಿದ. ಒಳಗೆ ಮೊಸರಿನಂಥ ಜಿಡ್ಡು. "ಉಸಿರು ಕಟ್ಟಿದೆ ಅಮ್ಮಾ, ಅಷ್ಟೇ."

ಎಷ್ಟು ಹೊಸ ಎಂಜಿನ್ನಾದರೂ ಉರಿದ ಅನಿಲ ಸ್ವಲ್ಪ ಪಿಸ್ಟನ್ ಉಂಗುರಗಳ ಸಂದಿಯಿಂದ ಕೆಳಗಿನ ಎಣ್ಣೆಯ ಕೋಣೆಗೆ ನುಸುಳುತ್ತದಂತೆ. ಅದರಲ್ಲಿ ನೀರಿನ ಆವಿಯೂ ಇರುತ್ತದೆ. ಥಂಡಿಯಲ್ಲಿ, ಎಂಜಿನ್ ಸರಿಯಾಗಿ ಕಾಯದಷ್ಟು ಸಣ್ಣ ಓಡಾಟದಲ್ಲಿ, ಅದು ಎಣ್ಣೆಯೊಡನೆ ಸೇರಿ ಜಿಡ್ಡಾಗುತ್ತದೆ. ಹೊರದಾರಿ ಮುಚ್ಚಿದರೆ ಒಳಗಿನ ಒತ್ತಡ ಸೀಲುಗಳ ಸಂದಿಯಿಂದ ಎಣ್ಣೆಯನ್ನು ನೂಕುತ್ತದೆ. ನಮ್ಮ ಕುಕ್ಕರಿನ ವೆಯ್ಟಿನಡಿ ಅನ್ನದ ಅಗುಳು ಸಿಕ್ಕಿಕೊಂಡರೆ ಅಂಚಿನಿಂದ ಬುಸುಗುಡುವುದಿಲ್ಲವೆ, ಹಾಗೆಯೇ. ಆಗ ಗ್ಯಾಸ್ಕೆಟ್ ಬದಲಿಸಿ ಏನು ಫಲ?

ಹಿಂದಿನ ಕಾಲದ ಎಂಜಿ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಹೊಗೆಯನ್ನು ಕೊಳವೆಯಿಂದ ರಸ್ತೆಗೇ ಬಿಡುತ್ತಿದ್ದರು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಾದರೋ ವಾಲ್ವ್ ಇತ್ತು. ಎಂಜಿನ್ ಎಳೆದುಕೊಳ್ಳುವ ಗಾಳಿಯ ಸೆಳೆತವೇ ಆ ಅನಿಲವನ್ನು ಮತ್ತೆ ಒಳಗೆ ಒಯ್ದು ಸುಡಿಸುತ್ತಿತ್ತು. ನಿಂತಲ್ಲೇ ಓಡುವಾಗ ವಾಲ್ವ್ ಕಿರಿದಾಗುತ್ತದೆ. ಏರು ಹತ್ತುವಾಗ ಸ್ಪ್ರಿಂಗ್ ಅದನ್ನು ಅಗಲಿಸುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರುಗಳಿಗೆಲ್ಲ ಇಂಥದನ್ನು ಅಳವಡಿಸತೊಡಗಿದ್ದು 1961ರಲ್ಲಿ, ಊರಿನ ಗಾಳಿ ಕೆಟ್ಟ ಮೇಲೆ.

ಮುದುಕ ವಾಲ್ವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೊಳವೆ ಬಿಡಿಸಿ, ಎಣ್ಣೆ ಬದಲಿಸಿದ. ಕೂಲಿ ಎಂದರೆ ಎರಡು ಲೋಟ ಕಾಫಿ. ಸೋರುವುದು ನಿಂತಿತು.

ಅವನು ಹೋದ ಮೇಲೆ ನಾನು ಜಗಲಿಯಲ್ಲೇ ಕೂತಿದ್ದೆ. ಇವರು ಹೋದಂದಿನಿಂದ ಕೇಳಿದವರಿಗೆಲ್ಲ "ಚೆನ್ನಾಗಿದ್ದೇನೆ" ಎನ್ನುತ್ತಿದ್ದೆ. ಒಬ್ಬರೆದುರೂ ಅತ್ತವಳಲ್ಲ; ಟೀಚರು ಅಳಬಾರದೆಂಬ ಬಿಗುಮಾನ. ಆದರೆ ಶಾಲೆಯಲ್ಲಿ ಒಂದು ಕಾಗುಣಿತ ತಪ್ಪಿದರೂ ಮಕ್ಕಳ ಮೇಲೆ ಸಿಡಿಯುತ್ತಿದ್ದೆ. ಹಿಂದಿನ ವಾರ ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕಂಡು ಬಾಗಿಲ ಹಿಂದೆ ಅಡಗಿದ್ದಳು. ನನ್ನದೂ ಸಲ್ಲದ ಕಡೆ ಸೋರುತ್ತಿತ್ತು.

ಆ ರಾತ್ರಿ ತಂಗಿಗೆ ಫೋನು ಮಾಡಿ ಮನಸಾರೆ ಅತ್ತೆ. ಮರುದಿನ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಗುಣಿತ ತಿದ್ದಿಸಿದೆ.

ಈಗ ಪ್ರತಿ ಸಲ ಎಣ್ಣೆ ಬದಲಿಸುವಾಗಲೂ ಆ ವಾಲ್ವನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತೇನೆ. ಟಿಕ್ ಟಿಕ್ ಎಂದರೆ ಸಮಾಧಾನ.