ನರ, ನರಂಬು, ನ್ಯೂರಾನ್

ಕಳೆದ ಡಿಸೆಂಬರಿನ ಮಳೆಯಲ್ಲಿ ಅಮ್ಮನ ಪಾದದ ಮೇಲೆ ದೊಡ್ಡ ಬೊಬ್ಬೆಯೊಂದು ಕಂಡಿತು. ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಳಂತೆ. ಸುಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಇಲ್ಲಿ ಚೆನ್ನೈನ ಡಾಕ್ಟರು ಟ್ಯೂನಿಂಗ್ ಫೋರ್ಕ್ ಮೀಟಿ ಹೆಬ್ಬೆರಳಿಗೆ ಮುಟ್ಟಿಸಿ ನೋಡಿ, "ನರಂಬು" ಎಂದರು. ತಮಿಳು ಬಾರದ ಅಮ್ಮನಿಗೂ ಅರ್ಥವಾಯಿತು.

ಆಟೋದಲ್ಲಿ ಕೇಳಿದಳು: "ಯಾವ ನರನೋ? ಸೂಜಿ ಚುಚ್ಚೋಕೆ ನರ ಸಿಗ್ತಿಲ್ಲ ಅಂತಾರಲ್ಲ, ಅದಾ? ಎಲ್ಲಾದ್ರೂ ಕಡಿದುಹೋಗಿದ್ಯಾ?"

ಎಂಟೆಕ್‌ನಲ್ಲಿ ನ್ಯೂರಲ್ ನೆಟ್‌ವರ್ಕ್ ಓದಿದವನು ನಾನು. ನನ್ನ ಪಾಲಿಗೆ ನ್ಯೂರಾನ್ ಎಂದರೆ ಅಂಕಿಗಳನ್ನು ಗುಣಿಸಿ, ಕೂಡಿಸಿ ಮುಂದಕ್ಕೆ ಕಳಿಸುವ ಒಂದು ವೃತ್ತ. ಅಮ್ಮನಿಗೆ ಹೇಳಲು ಅದು ಯಾವ ಉಪಯೋಗಕ್ಕೂ ಬರಲಿಲ್ಲ.

ಆ ರಾತ್ರಿ ಪದದ ಬೇರು ಹುಡುಕುತ್ತ ಕೂತೆ. ಹಳೆಯ ಗ್ರೀಕ್‌ನಲ್ಲಿ ನ್ಯೂರಾನ್ ಎಂದರೆ ಮಾಂಸವನ್ನು ಮೂಳೆಗೆ ಕಟ್ಟುವ ಹುರಿ, ಬಿಲ್ಲಿನ ಹೆದೆ, ತಂತಿ. ನಮ್ಮ 'ನರ'ಕ್ಕೂ ಅದಕ್ಕೂ ಉಚ್ಚಾರ ಹತ್ತಿರವಾದರೂ ನಂಟಿಲ್ಲ. ನಂಟಿರುವುದು ಸಂಸ್ಕೃತದ 'ಸ್ನಾಯು'ವಿಗೆ. 'ನರ'ದ ಒಡಹುಟ್ಟು ತಮಿಳಿನ 'ನರಂಬು'. ಆ ಪದಕ್ಕೆ ವಾದ್ಯದ ತಂತಿ ಎಂಬ ಅರ್ಥವೂ ಇದೆ. ಎರಡು ಬೇರೆ ಬೇರೆ ಭಾಷಾಕುಲಗಳು ಒಂದೇ ಹೋಲಿಕೆಗೆ ಬಂದು ನಿಂತಿವೆ.

ನರಕೋಶಕ್ಕೆ ಈ ಹೆಸರಿಟ್ಟದ್ದು ಜರ್ಮನಿಯ ವಾಲ್ಡೆಯರ್, 1891ರಲ್ಲಿ. ಮಿದುಳೆಲ್ಲ ಕಡಿಯದ ಒಂದೇ ಬಲೆ ಎಂದು ಇಟಲಿಯ ಗಾಲ್ಜಿ ನಂಬಿದ್ದ. ಗಾಲ್ಜಿಯದೇ ಬೆಳ್ಳಿಯ ಬಣ್ಣದ ವಿಧಾನ ಬಳಸಿದ ಸ್ಪೇನಿನ ಕಹಾಲ್, ಪ್ರತಿ ಕೋಶವೂ ಬೇರೆ ಎಂದು ತೋರಿಸಿದ. 1906ರಲ್ಲಿ ನೊಬೆಲ್ ಇಬ್ಬರಿಗೂ ಒಟ್ಟಿಗೇ ಬಂತು. ಆ ವೇದಿಕೆಯ ಭಾಷಣದಲ್ಲೂ ಗಾಲ್ಜಿ ಒಪ್ಪಲಿಲ್ಲ. ಗೆದ್ದದ್ದು ಕಹಾಲನ ಮಾತು. ತಂತಿ ಎಂಬ ಹೆಸರು ಮಾತ್ರ ಬಿಡಿ ಕೋಶಕ್ಕೇ ಉಳಿಯಿತು.

ಬೆಳಿಗ್ಗೆ ಕಾಫಿ ಕೊಡುತ್ತ ಅಮ್ಮನಿಗೆ ಹೇಳಿದೆ: "ಸೂಜಿ ಚುಚ್ಚೋದು ರಕ್ತನಾಳಕ್ಕೆ, ಇದು ಬೇರೆ. ಎಲ್ಲೂ ಕಡಿದಿಲ್ಲ. ಸೊಂಟದ ಹತ್ತಿರ ಒಂದು ಸಣ್ಣ ಕೋಶ ಇರುತ್ತಮ್ಮ. ಅದರದೇ ಎಳೆ ಕಾಲ್ಬೆರಳವರೆಗೂ ಹೋಗುತ್ತೆ, ಹೆಚ್ಚುಕಡಿಮೆ ಒಂದು ಮೀಟರ್. ಒಂದೇ ಕೋಶ. ಸಕ್ಕರೆ ಜಾಸ್ತಿಯಾದ್ರೆ ಇಂಥ ಉದ್ದದ ಎಳೆಗಳೇ ಮೊದಲು, ಅದೂ ತುದಿಯಿಂದ, ಸೊರಗ್ತಾವೆ."

ಅವಳು ತನ್ನ ಸೊಂಟ ಮುಟ್ಟಿ, ಆಮೇಲೆ ಪಾದ ನೋಡಿಕೊಂಡಳು. "ಮತ್ತೆ ಸರಿಹೋಗುತ್ತಾ?"

"ಇನ್ನೂ ಹಾಳಾಗದ ಹಾಗೆ ನೋಡ್ಕೋಬಹುದು" ಎಂದೆ.

ಬಿಸಿನೀರಿನ ಚೀಲ ಈಗ ಅಟ್ಟ ಸೇರಿದೆ. ರಾತ್ರಿ ಕಾಲ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅಮ್ಮನ ಎರಡೂ ಪಾದಗಳನ್ನು ಟಾರ್ಚ್ ಹಿಡಿದು ನೋಡುತ್ತೇನೆ. ಹೆಬ್ಬೆರಳು ಮುಟ್ಟಿ, "ಗೊತ್ತಾಯ್ತಾ?" ಎಂದು ಕೇಳುತ್ತೇನೆ. ಅವಳು ನನ್ನ ಮುಖ ನೋಡಿಕೊಂಡು ಹೂಂ ಅನ್ನುತ್ತಾಳೆ. ಹಾಗಾಗಿ ಈಗ ಮೊದಲು ಕಣ್ಣು ಮುಚ್ಚಮ್ಮ ಅನ್ನುತ್ತೇನೆ.