ತಬ್ಬಲಿಯಲ್ಲದ ಮರಿ

ಮೇ ತಿಂಗಳು ಕಾಲಿಟ್ಟಿತೆಂದರೆ ದೆಹಲಿಯ ನಮ್ಮ ಸರಕಾರಿ ಕ್ವಾರ್ಟರ್ಸಿನಲ್ಲಿ ಎರಡು ವಿಷಯಗಳ ಚರ್ಚೆ ನಡೆಯುತ್ತದೆ. ಒಂದು, ಊರಿಗೆ ಹೋಗುವ ರೈಲಿನ ಟಿಕೆಟು ಖಾತ್ರಿಯಾಯಿತೇ ಎಂಬುದು. ಇನ್ನೊಂದು, ಬೇವಿನ ಮರದಡಿ ಸಿಕ್ಕಿದ ಹಕ್ಕಿಮರಿಯನ್ನು ಏನು ಮಾಡುವುದೆಂಬುದು. ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದಕ್ಕೆ, ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನೆಂಬ ಒಂದೇ ಕಾರಣಕ್ಕೆ, ಬ್ಲಾಕಿನ ಮಕ್ಕಳು ನನ್ನ ಬಾಗಿಲು ತಟ್ಟುತ್ತಾರೆ.

ಹೋದ ವರ್ಷ ಮೂರನೆಯ ಮಹಡಿಯ ಹುಡುಗಿ ಬೂಟಿನ ಡಬ್ಬಿಯಲ್ಲಿ ಗೊರವಂಕದ ಮರಿಯೊಂದನ್ನು ತಂದಳು. ಇಲ್ಲಿಯವರು ಮೈನಾ ಎನ್ನುವ ಹಕ್ಕಿ. ಬೆನ್ನಿಗೇ ಅವಳ ಅಜ್ಜಿ. "ಮನುಷ್ಯರ ಕೈ ತಾಗಿತಲ್ಲ, ಇನ್ನು ತಾಯಿ ಇದನ್ನು ಸೇರಿಸುವುದಿಲ್ಲ. ಹಾಲು ಕುಡಿಸಿ ನಾವೇ ಸಾಕಿಕೊಳ್ಳುತ್ತೇವೆ ಬಿಡಿ" ಎಂದು ಆಕೆಯ ತೀರ್ಪು. ಹಾಸನ ಸೀಮೆಯ ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದರು. ಈ ನಂಬಿಕೆಯ ಮಟ್ಟಿಗೆ ಭಾರತವೆಲ್ಲ ಒಂದೇ! ಆದರೆ ಅದು ನಿಜವಲ್ಲ. ನಮ್ಮ ಕೈ ವಾಸನೆ ಹತ್ತಿತೆಂದು ಹಕ್ಕಿಗಳು ಮರಿಯನ್ನು ತೊರೆಯುವುದಿಲ್ಲ. ಮರಿ ಕೂಗಿದರೆ ಸಾಕು, ಬರುತ್ತವೆ.

ಡಬ್ಬಿಯೊಳಗೆ ನೋಡಿದೆ. ಮೈತುಂಬ ಗರಿ, ಮೋಟು ಬಾಲ, ಕೊಕ್ಕಿನ ಅಂಚಿಗೆ ಹಳದಿ. ಬೆರಳು ಚಾಚಿದರೆ ಗಟ್ಟಿಯಾಗಿ ಹಿಡಿದು ಕುಳಿತಿತು. ಇದು ಗೂಡಿನಿಂದ ಬಿದ್ದದ್ದಲ್ಲ, ಗೂಡು ಬಿಟ್ಟು ಹೊರಟದ್ದು. ಗೊರವಂಕದ ಮರಿ ಮೊಟ್ಟೆಯೊಡೆದು ಸುಮಾರು ಮೂರು ವಾರಕ್ಕೆ ಹೀಗೆ ಹೊರಡುತ್ತದೆ. ಪಿಕಳಾರದ್ದು ಇನ್ನೂ ಬೇಗ, ಸುಮಾರು ಎರಡೇ ವಾರಕ್ಕೆ. ಹಾರಾಟ ಪೂರಾ ಕೈಗೂಡಿರುವುದಿಲ್ಲ. ಕೆಲವು ದಿನ ನೆಲದಲ್ಲೋ ಪೊದೆಯಲ್ಲೋ ಕುಪ್ಪಳಿಸಿಕೊಂಡಿರುತ್ತದೆ. ತಂದೆತಾಯಿ ಅಲ್ಲಿಗೇ ಬಂದು ಹುಳುಹುಪ್ಪಟೆ ತಿನ್ನಿಸುತ್ತವೆ. ಇಪ್ಪತ್ತರ ವಯಸ್ಸಿನಲ್ಲಿ ಹೊಸದಿಲ್ಲಿ ಸ್ಟೇಷನ್ನಿನಲ್ಲಿ ಕಣ್ಣು ಕಣ್ಣು ಬಿಡುತ್ತ ಇಳಿದ ನಮ್ಮಂಥವರನ್ನು ಯಾರಾದರೂ ಅನಾಥರೆಂದು ಮನೆಗೆ ಎತ್ತಿಕೊಂಡು ಹೋಗಿದ್ದರೆ? ಊರಿನಿಂದ ಚಟ್ನಿಪುಡಿ ಬರುತ್ತಲೇ ಇತ್ತಲ್ಲ!

ಮರಿ ಸಿಕ್ಕಿದ ಜಾಗಕ್ಕೇ ಹೋಗಿ, ಪಕ್ಕದ ಗೋರಂಟಿ ಬೇಲಿಯಲ್ಲಿ, ಬೆಕ್ಕಿಗೆ ಸುಲಭವಾಗಿ ಎಟುಕದಂತೆ ಕೂರಿಸಿ, ಎಲ್ಲರನ್ನೂ ವರಾಂಡಕ್ಕೆ ಕರೆತಂದೆ. ನಾವು ಸುತ್ತ ನಿಂತಿರುವ ತನಕ ದೊಡ್ಡ ಹಕ್ಕಿಗಳು ಇಳಿಯುವುದಿಲ್ಲ. "ಒಂದು ಗಂಟೆ ಅಲ್ಲೇ ನಿಂತಿದ್ದೆವು, ತಾಯಿ ಬರಲೇ ಇಲ್ಲ" ಎನ್ನುವವರು ಆ ಒಂದು ಗಂಟೆ ಮರಿಯನ್ನು ಉಪವಾಸ ಕೆಡವಿರುತ್ತಾರೆ. ಅಜ್ಜಿ ಮುಖ ಗಂಟಿಕ್ಕಿಕೊಂಡೇ ಕುರ್ಚಿಯಲ್ಲಿ ಕುಳಿತರು. ಇಪ್ಪತ್ತು ನಿಮಿಷ ಏನೂ ಇಲ್ಲ. ನನ್ನ ಬಿ.ಎಸ್ಸಿ.ಯ ಮಾನ ಹೋಗುವ ಹೊತ್ತು. ಆಮೇಲೆ ನೀರಿನ ಟ್ಯಾಂಕಿನ ಮೇಲಿಂದ ಗೊರವಂಕವೊಂದು ಇಳಿಯಿತು, ಕೊಕ್ಕಿನಲ್ಲಿ ಮಿಡತೆ. ಅಜ್ಜಿ ಮಾತಾಡಲಿಲ್ಲ, ಮೊಮ್ಮಗಳ ಕೈಯಿಂದ ಖಾಲಿ ಡಬ್ಬಿ ಇಸಿದುಕೊಂಡು ಮೆಟ್ಟಿಲು ಹತ್ತಿದರು.

ಗರಿಯಿಲ್ಲದ, ಕಣ್ಣು ತೆರೆಯದ ಮರಿಯ ಮಾತು ಬೇರೆ. ಅದು ನಿಜಕ್ಕೂ ಬಿದ್ದದ್ದು. ಗೂಡು ಎಟುಕಿದರೆ ಮರಳಿ ಇಡಿ. ಗೂಡೇ ಹಾಳಾಗಿದ್ದರೆ ಸಣ್ಣ ಬುಟ್ಟಿಗೆ ಒಣಹುಲ್ಲು ಹಾಸಿ ಅದೇ ಮರದ ನೆರಳಿಗೆ ಕಟ್ಟಿ; ಮಳೆನೀರು ಬಸಿಯಲು ತಳದಲ್ಲಿ ತೂತಿರಲಿ. ಬಾಯಿಗೆ ನೀರು ಬಿಡಬೇಡಿ. ಹಕ್ಕಿಗೆ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ, ಹನಿ ಅಲ್ಲಿಗೆ ಜಾರಿದರೆ ಮುಗಿಯಿತು. ಹಾಲಂತೂ ಅದಕ್ಕೆ ಅರಗುವುದೇ ಇಲ್ಲ. ಬೆಕ್ಕು ಬಾಯಿ ಹಾಕಿದ್ದರೆ, ಗಾಯ ಕಾಣದಿದ್ದರೂ ಹಲ್ಲಿನ ನಂಜು ಒಳಗಿರಬಹುದು. ಅಂದೇ ವೈದ್ಯರಿಗೆ ತೋರಿಸಬೇಕು. ದೆಹಲಿಯವರಿಗೆ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದಲ್ಲಿ ಜೈನರು ನಡೆಸುವ ಹಕ್ಕಿಗಳ ಆಸ್ಪತ್ರೆಯಿದೆ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಮುಚ್ಚಿ, ಗದ್ದಲವಿಲ್ಲದೆ ಒಯ್ಯಿರಿ. ಗಿಳಿಮರಿ ಸಿಕ್ಕಿತೆಂದು ಪಂಜರ ಕೊಳ್ಳಲು ಹೊರಡುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ನೆನೆಯುವುದು ಒಳ್ಳೆಯದು. ನಮ್ಮ ಕಾಡುಗಿಳಿಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಕಾಗೆಮರಿಯನ್ನು ಎತ್ತಿಡಲು ಹೋಗುವವರು ಮಾತ್ರ ಕೊಡೆ ಬಿಚ್ಚಿಕೊಂಡು ಹೋಗಿ. ತಾಯಿ ಎಲ್ಲಿದ್ದಾಳೆಂದು ಅಲ್ಲಿ ಕಾದು ನೋಡಬೇಕಾದ್ದಿಲ್ಲ.