ಅಂಟಿಸಿದ ಮೂರು ಚೀಟಿಗಳು

ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಹೊರಗೋಡೆಯಲ್ಲಿ ತೂಗುಹಾಕಿರುವ ‘ರಾಣಿಪುರದ ಹುಲ್ಲುಗಾವಲಿನ ಚಿಟ್ಟೆಗಳು’ ಎಂಬ ಪಟವನ್ನು ಹೆತ್ತವರಲ್ಲಿ ಅನೇಕರು ನೋಡಿದ್ದೀರಿ. ವಾರ್ಷಿಕೋತ್ಸವದ ದಿನ ಅದಕ್ಕೆ ಪ್ರಥಮ ಬಹುಮಾನವೂ ಬಂತು. ಈಗ ನೋಡಿದರೆ ಮೂರು ಕಡೆ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದ್ದು ಕಾಣುತ್ತದೆ. “ಅಷ್ಟು ಚಂದದ ಪಟಕ್ಕೆ ತೇಪೆ ಹಾಕಿದವರು ಯಾರು?” ಎಂದು ಕೆಲವರು ಕೇಳಿದರು. ಹಾಕಿದವರು ನಾವೇ. ಯಾಕೆ ಹಾಕಿದೆವೆಂದು ತಿಳಿಸುವುದಕ್ಕಾಗಿಯೇ ಈ ಬರಹ.

ನಮ್ಮ ಕಾಸರಗೋಡು ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಕೊಡಗಿನ ಗಡಿಗೆ ತಾಗಿಕೊಂಡು ರಾಣಿಪುರದ ಬೆಟ್ಟವಿದೆ. ಹಿಂದೆ ಅದಕ್ಕೆ ಮಾಡತ್ತುಮಲೆ ಎಂದು ಹೆಸರು. ನೆತ್ತಿಯ ಭಾಗ ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿದೆ. ಕಣಿವೆಗಳಲ್ಲಿ ಶೋಲಾ ಕಾಡು, ಮೇಲೆ ಬರಿಯ ಹುಲ್ಲು. ಊರಿನ ಪಾರೆಗಳ ಮೇಲಿನ ಮುಳಿಹುಲ್ಲನ್ನು ಕಂಡು ಬೆಳೆದ ನಮಗೆ ಆ ಹುಲ್ಲುಗಾವಲು ಅಪರಿಚಿತವೆನಿಸಲಿಲ್ಲ. ಕಳೆದ ಅಕ್ಟೋಬರ್ ತಿಂಗಳಲ್ಲಿ ವಿಜ್ಞಾನ ಸಂಘದ ನಾವು ಹದಿನಾಲ್ಕು ಮಂದಿ ಅಧ್ಯಾಪಕರೊಂದಿಗೆ ಅಲ್ಲಿಗೆ ಹೋದೆವು. ಕಾಡಿನ ದಾರಿಯಲ್ಲಿ ಇಂಬಳಗಳಿಗೆ ರಕ್ತದಾನ ಮಾಡಿ, ಏದುಸಿರು ಬಿಡುತ್ತ ಮೇಲೇರಿದೆವು. ಬಲೆ ಒಯ್ದಿರಲಿಲ್ಲ. ಅಧ್ಯಾಪಕರ ಮೊಬೈಲಿನಲ್ಲಿ ಚಿತ್ರ ತೆಗೆದು, ಪುಸ್ತಕದಲ್ಲಿ ಹೆಸರು ಬರೆದುಕೊಂಡು ಬಂದೆವು. ಪಟ ಸಿದ್ಧವಾಯಿತು, ಬಹುಮಾನವೂ ಬಂತು.

ಅದೇ ದಿನ ಸಂಜೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಟದ ಮುಂದೆ ಬಹಳ ಹೊತ್ತು ನಿಂತಿದ್ದಳು. ‘ಪ್ಲೇನ್ ಟೈಗರ್’ ಎಂದು ನಾವು ಬರೆದ ಹೆಸರಿನ ಕೆಳಗೆ ಎರಡು ಚಿತ್ರಗಳಿದ್ದವು. “ಅಣ್ಣಾ, ಇವೆರಡೂ ಒಂದೇ ಚಿಟ್ಟೆಯಾದರೆ ಇದರ ಹಿಂದಿನ ರೆಕ್ಕೆಯ ನಡುವೆ ಮೂರು ಚುಕ್ಕೆ ಇದೆ, ಅದರಲ್ಲಿ ಯಾಕಿಲ್ಲ?” ಎಂದು ಕೇಳಿದಳು. “ಮಳೆಗೆ ಒರಸಿಹೋಗಿರಬೇಕು” ಎಂದು ನಮ್ಮಲ್ಲೊಬ್ಬ ಹೇಳಿದ. ನಾವೆಲ್ಲರೂ ನಕ್ಕೆವು. ಆಕೆ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದಳು.

ಆ ರಾತ್ರಿ ನಮಗೆ ನಗು ಉಳಿಯಲಿಲ್ಲ. ಮರುದಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಹುಡುಗಿ ಹೇಳಿದ್ದೇ ಸರಿ. ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಮೂರು ಕಪ್ಪು ಚುಕ್ಕೆಗಳಿರುತ್ತವೆ; ಗಂಡಿಗೆ ಇನ್ನೊಂದು ಹೆಚ್ಚು. ಎರಡನೆಯ ಚಿತ್ರದಲ್ಲಿ ನಡುವೆ ಏನೂ ಇಲ್ಲ, ರೆಕ್ಕೆಯ ಮೇಲಂಚಿನ ಬಳಿ ಒಂದು ಕಪ್ಪು ಗುರುತು ಮಾತ್ರ. ಅದು ಡನಾಯ್ಡ್ ಎಗ್‌ಫ್ಲೈ ಎಂಬ ಬೇರೆಯೇ ಜಾತಿಯ ಹೆಣ್ಣು!

ಪ್ಲೇನ್ ಟೈಗರಿನ ಮರಿಹುಳು ಎಕ್ಕದ ಎಲೆ ತಿಂದು, ಅದರ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಒಮ್ಮೆ ಅದನ್ನು ತಿಂದು ಕಾರಿದ ಹಕ್ಕಿ ಆ ಕಿತ್ತಳೆ ಬಣ್ಣವನ್ನು ಮರೆಯದು. ಎಗ್‌ಫ್ಲೈಯ ಮರಿಹುಳು ತಿನ್ನುವುದು ನಮ್ಮ ಹಿತ್ತಲಿನ ಗೋಣಿ ಸೊಪ್ಪಿನಂಥ ಗಿಡಗಳನ್ನು. ಅದರ ಮೈಯಲ್ಲಿ ಆ ವಿಷವಿಲ್ಲ. ಆದರೆ ಹೆಣ್ಣು ಚಿಟ್ಟೆ ವಿಷವುಳ್ಳದರ ಉಡುಪು ತೊಟ್ಟು ಹಕ್ಕಿಯನ್ನು ವಂಚಿಸುತ್ತದೆ. ಇಂಥ ಅನುಕರಣೆಯನ್ನು ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಗಮನಿಸಿ 1862ರಲ್ಲಿ ವಿವರಿಸಿದವನು ಹೆನ್ರಿ ಬೇಟ್ಸ್. ಇನ್ನು ಎಗ್‌ಫ್ಲೈಯ ಗಂಡೋ, ಕಪ್ಪು ಮಖಮಲ್ಲಿನ ಮೇಲೆ ನೇರಳೆ ಅಂಚಿನ ಬಿಳಿ ಬೊಟ್ಟುಗಳುಳ್ಳದ್ದು. ಅದನ್ನು ನಾವು ಪಟದ ಇನ್ನೊಂದು ಮೂಲೆಯಲ್ಲಿ ಸರಿಯಾದ ಹೆಸರಿನಿಂದಲೇ ಅಂಟಿಸಿದ್ದೆವು. ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಮನೆಗೆ ಕಳುಹಿಸಿದಂತಾಗಿತ್ತು! ಹಕ್ಕಿ ಮೋಸಹೋದಂತೆ ನಾವೂ ಹೋದೆವು. ಹೋಗದವಳು ಎಂಟನೆಯ ತರಗತಿಯ ಹುಡುಗಿ.

ಒಂದು ತಪ್ಪು ಸಿಕ್ಕಿದ ಮೇಲೆ ಉಳಿದವುಗಳನ್ನೂ ಪರೀಕ್ಷಿಸಬೇಕಾಯಿತು. ‘ಬ್ಲೂ ಟೈಗರ್’ ಎಂದು ಬರೆದ ಚಿತ್ರಗಳಲ್ಲಿ ಒಂದು ‘ಡಾರ್ಕ್ ಬ್ಲೂ ಟೈಗರ್’ ಆಗಿತ್ತು. ಮೊದಲನೆಯದರ ತಿಳಿನೀಲಿ ಪಟ್ಟಿಗಳು ಅಗಲ; ಎರಡನೆಯದರ ಪಟ್ಟಿಗಳು ಸಪೂರ, ಮೈಬಣ್ಣವೂ ಹೆಚ್ಚು ಕಪ್ಪು. ಅಕ್ಕಪಕ್ಕ ಇಟ್ಟರೆ ಯಾರಿಗೂ ಗೊತ್ತಾಗುತ್ತದೆ, ಒಂದನ್ನೇ ನೋಡಿದರೆ ಕಷ್ಟ. ಇವೆರಡರ ಕುಲಕ್ಕೆ ಶಾಸ್ತ್ರಜ್ಞರು ಇಟ್ಟ ಹೆಸರು ತಿರುಮಲ. ಮುಂಗಾರಿನ ಹೊತ್ತಿಗೆ ಇವು ಪಶ್ಚಿಮ ಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹಿಂಡುಹಿಂಡಾಗಿ ಹಾರಿ, ಮಳೆ ಮುಗಿದ ಮೇಲೆ ಮರಳುತ್ತವೆ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದಿಟ್ಟರೆ ಯಾವುದು ಬಂತು, ಯಾವುದು ಬರಲಿಲ್ಲ ಎಂದು ಮುಂದೆ ಯಾರಿಗೂ ತಿಳಿಯುವ ದಾರಿಯಿರದು.

ಮೂರನೆಯ ತಪ್ಪು ಹೆಚ್ಚು ಕಲಿಸಿತು. ಹುಲ್ಲಿನ ಬುಡದಲ್ಲಿ ತಗ್ಗಾಗಿ ಕುಪ್ಪಳಿಸಿದಂತೆ ಹಾರುವ ಕಂದು ಬಣ್ಣದ ಪುಟ್ಟ ಚಿಟ್ಟೆಗಳುಂಟು. ಹಿಂದಿನ ರೆಕ್ಕೆಯ ಅಡಿಯಲ್ಲಿ ಹಳದಿ ಬಳೆಯ ಕಣ್ಣುಗಳು. ನಾಲ್ಕಿದ್ದರೆ ಕಾಮನ್ ಫೋರ್‌ರಿಂಗ್, ಐದಿದ್ದರೆ ಕಾಮನ್ ಫೈವ್‌ರಿಂಗ್ ಎಂದು ಎಣಿಸಿ ಬರೆದಿದ್ದೆವು. ಎಣಿಕೆ ಬಂದ ಮೇಲೆ ಇನ್ನೇನು ಕಷ್ಟ ಎಂಬ ಜಂಬ! ಸಂಶಯ ತೀರಲೆಂದು ಜನವರಿಯ ಕೊನೆಯಲ್ಲಿ ಪುನಃ ಬೆಟ್ಟ ಹತ್ತಿದೆವು. ಆ ಹುಡುಗಿಯನ್ನೂ ಕರೆದುಕೊಂಡು ಹೋದೆವು. ಹುಲ್ಲು ಒಣಗಿ ಕಂದಾಗಿತ್ತು. ಅದೇ ದಾರಿ, ಅದೇ ಹಾರಾಟ. ಆದರೆ ಚಿಟ್ಟೆಗಳಲ್ಲಿ ಕಣ್ಣುಗಳೇ ಇಲ್ಲ, ಸೂಜಿಮೊನೆಯಷ್ಟು ಚುಕ್ಕೆಗಳು ಮಾತ್ರ. “ಹೊಸ ಜಾತಿ!” ಎಂದು ಕೂಗಿದೆವು.

ಅಧ್ಯಾಪಕರು ನಕ್ಕು ವಿವರಿಸಿದರು. ಇದು ಹೊಸ ಜಾತಿಯಲ್ಲ, ಬೇಸಗೆಯ ಉಡುಪು. ಹಸಿರು ಹುಲ್ಲಿನ ಕಾಲದಲ್ಲಿ ದೊಡ್ಡ ಕಣ್ಣುಗಳು ಹಕ್ಕಿ ಹಲ್ಲಿಗಳ ದಾಳಿಯನ್ನು ರೆಕ್ಕೆಯಂಚಿಗೆ ಸೆಳೆದು ಮೈಯನ್ನು ಉಳಿಸುತ್ತವೆ. ಒಣಹುಲ್ಲಿನ ಕಾಲದಲ್ಲಿ ಕಾಣಿಸದಿರುವುದೇ ಕ್ಷೇಮ. ಆದ್ದರಿಂದ ಆಗ ಹುಟ್ಟುವ ಪೀಳಿಗೆಯಲ್ಲಿ ಕಣ್ಣುಗಳು ಕುಗ್ಗಿರುತ್ತವೆ. ಕಣ್ಣೇ ಅಳಿಸಿಹೋದಾಗ ಎಣಿಸುವುದೇನನ್ನು? ಅಕ್ಟೋಬರಿನ ಚಿತ್ರಗಳನ್ನು ಮತ್ತೆ ನೋಡಿದಾಗ ಒಂದರಲ್ಲಿ ರೆಕ್ಕೆಯಂಚು ಹರಿದು, ಕಣ್ಣು ಇರಬೇಕಾದ ಜಾಗವೇ ಇರಲಿಲ್ಲ. ಆದರೂ ನಾವು ಧೈರ್ಯವಾಗಿ ಹೆಸರು ಬರೆದಿದ್ದೆವು.

ಪಟವನ್ನು ಹೊಸದಾಗಿ ಮಾಡೋಣವೆಂದು ಕೆಲವರ ಅಭಿಪ್ರಾಯ. ಹಾಗೆಯೇ ಬಿಡೋಣ, ಚಿಟ್ಟೆಗಳೇನೂ ದೂರು ಕೊಡಲಾರವು ಎಂದು ಇನ್ನು ಕೆಲವರು. ಕೊನೆಗೆ ಚೀಟಿ ಅಂಟಿಸುವುದೆಂದು ನಿರ್ಧರಿಸಿದೆವು. ಮೊದಲಿನ ಎರಡರಲ್ಲಿ ಸರಿಯಾದ ಹೆಸರಿದೆ. ಮೂರನೆಯದರಲ್ಲಿ, ‘ಯಿಪ್ತಿಮಾ ಕುಲದ ಚಿಟ್ಟೆ; ಜಾತಿ ಯಾವುದೆಂದು ನಮಗೆ ತಿಳಿಯದು’ ಎಂದು ಬರೆದಿದೆ. ಆ ಅಕ್ಷರಗಳು ಎಂಟನೆಯ ತರಗತಿಯ ಹುಡುಗಿಯವು. ಅಂದು ನಕ್ಕದ್ದಕ್ಕೆ ನಾವು ಅವಳ ಕ್ಷಮೆ ಕೇಳಿದೆವು.

ಪರೀಕ್ಷೆಯಲ್ಲಿ ಉತ್ತರ ತಿಳಿಯದಿದ್ದರೂ ಜಾಗ ಖಾಲಿ ಬಿಡಬಾರದೆಂದು ನಾವೆಲ್ಲ ಕಲಿತವರು. ಬೆಟ್ಟದ ಹುಲ್ಲಿನಲ್ಲಿ ಆ ಪಾಠ ನಡೆಯುವುದಿಲ್ಲ. ಅಲ್ಲಿ ತಪ್ಪು ಹೆಸರಿಗಿಂತ ಖಾಲಿ ಜಾಗವೇ ಮೇಲು. ಖಾಲಿ ಇದ್ದರೆ ನಾಳೆ ಯಾರಾದರೂ ತುಂಬಬಹುದು. ಮುಂದಿನ ವರ್ಷ ವಿಜ್ಞಾನ ಸಂಘಕ್ಕೆ ಸೇರುವ ತಮ್ಮ ತಂಗಿಯರೇ, ಆ ಮೂರನೆಯ ಚೀಟಿ ನಿಮಗಾಗಿ ಕಾದಿದೆ.